ಮುಲಾಮು ಹಚ್ಚದ ಮುಖ

ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಯಾವುದೋ ಒಂದು ಊರಿನಲ್ಲಿ, ಒಂದು ಬಾವಿ ಇತ್ತಂತೆ. ಅದು ನೀರಿನ ಜೊತೆಗೆ ಮುಖವನ್ನೂ ಕೊಡುವ ಬಾವಿ. ಬಗ್ಗಿ ನೋಡಿದವರಿಗೆ ಅವರವರ ಮುಖವನ್ನು ತೊಳೆದು ವಾಪಸು ಕೊಡುತ್ತಿತ್ತು. ಒಬ್ಬ ಹುಡುಗಿಗೆ ಮಾತ್ರ ಕೊಡುತ್ತಿರಲಿಲ್ಲ. ಅವಳು ಬಗ್ಗಿದರೆ ನೀರಿನಲ್ಲಿ ಬರೀ ಆಕಾಶ, ಆಕಾಶದ ನಡುವೆ ತಲೆಯಷ್ಟು ದೊಡ್ಡ ಒಂದು ತೂತು. ಸುಣ್ಣ ಬಳಿದ ಬಾವಿಕಟ್ಟೆಯ ಮೇಲೆ ಕೂತ ಹೆಂಗಸರು, ‘ನಿನ್ನ ಮುಖಾನ ಬಾವಿ ನುಂಗಿಬಿಟ್ಟಿದೆ ಕಣೇ’ ಎಂದು ನಗುತ್ತಿದ್ದರು. ಹುಡುಗಿ ಅಳುತ್ತಾ ಅಜ್ಜಿಯ ಹತ್ತಿರ ಹೋದಳು. ‘ಅತ್ತರೆ ಯಾವ ಬಾವೀನೂ ಮುಖ ಕೊಡಲ್ಲ. ಹೋಗಿ ಜಗಳ ಮಾಡು. ಮುಖ ತಗೊಂಡೇ ಮನೆಗೆ ಬಾ’ ಎಂದಳು ಅಜ್ಜಿ. ಹುಡುಗಿ ಮಾತು ಕೊಟ್ಟು ಹೊರಟಳು.

ಆಮೇಲೆ ಏನಾಯಿತೆಂದು ಈ ಕಥೆ ಕೇಳಿ ಬೆಳೆದವಳಿಗೆ ಇವತ್ತಿಗೂ ಗೊತ್ತಿಲ್ಲ. ಕಥೆ ಇಲ್ಲಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ನಿದ್ದೆ ಬಂದುಬಿಡುತ್ತಿತ್ತು, ಇಲ್ಲವೆ ಕಥೆ ಹೇಳುತ್ತಿದ್ದ ಅವಳ ಅಜ್ಜಿಯೇ ನಿದ್ದೆ ಬಂದಂತೆ ನಟಿಸುತ್ತಿದ್ದಳು. ಈಗ, ಸಮುದ್ರ ದಾಟಿ ಓದಲು ಬಂದ ಈ ಊರಿನಲ್ಲಿ, ಕಾಲೇಜಿನ ಗೇಟಿನ ಎದುರು ಸಾಲಿನಲ್ಲಿ ನಿಂತು ಕಾವಲುಗಾರನ ಕೈಗೆ ಗುರುತಿನ ಕಾರ್ಡು ಕೊಡುವಾಗ ಅವಳಿಗೆ ಆ ಬಾವಿಕಟ್ಟೆಯ ಹೆಂಗಸರ ನೆನಪಾಯಿತು. ಕಾವಲುಗಾರ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ದಿನ ಬೈದು ಮುಗಿಸಬಹುದಿತ್ತು. ಅವನು ದಿನಾ ಬೆಳಿಗ್ಗೆ ಅವಳ ಕಾರ್ಡನ್ನು ಅವಳ ಕೆನ್ನೆಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, ‘ಇವತ್ತು ಬಂದಿರೋದು ಅಕ್ಕಾನೋ ತಂಗೀನೋ?’ ಎನ್ನುತ್ತಾನೆ. ಕಾರ್ಡಿನಲ್ಲಿರುವ ಹುಡುಗಿ ಅವಳಿಗಿಂತ ಬೆಳ್ಳಗಿದ್ದಾಳೆ, ಹಾಲಿಗೆ ಬಿದ್ದ ಚಹಾದಷ್ಟು ಬೆಳ್ಳಗೆ. ಮೊದಲ ದಿನ ಈ ಪ್ರಶ್ನೆ ಬಂದಾಗ ಬೆವರಿ, ಹೇಗಾದರೂ ಒಳಗೆ ಹೋದರೆ ಸಾಕೆಂದು ಅವಳೇ ಹೇಳಿದ್ದಳು: ‘ತಂಗಿ ಸಾರ್. ಮನೇಲಿದ್ದ ಸೋಪನ್ನೆಲ್ಲ ಅಕ್ಕಾನೇ ಖಾಲಿ ಮಾಡಿಬಿಟ್ಟಳು.’ ಸಾಲು ಬಿದ್ದು ಬಿದ್ದು ನಕ್ಕಿತ್ತು. ಅವಳೂ ನಕ್ಕಿದ್ದಳು. ಅಂದಿನಿಂದ ಅದು ದಿನದ ತೆರಿಗೆಯಾಗಿಬಿಟ್ಟಿದೆ. ಅವನು ಕೇಳುತ್ತಾನೆ, ಅವಳು ಸೋಪಿನ ಮಾತು ಹೇಳುತ್ತಾಳೆ, ಹಲ್ಲು ಬಿಡುತ್ತಾಳೆ, ಗೇಟು ತೆರೆಯುತ್ತದೆ. ಆ ನಗು ಒಳಗೆ ಹೋದ ಮೇಲೂ ಒಂದಷ್ಟು ಹೊತ್ತು ಮುಖದ ಮೇಲೆ ಅಂಟಿಕೊಂಡಿರುತ್ತದೆ, ಕಿತ್ತರೂ ಬರದ ಬೆಲೆಚೀಟಿಯ ಹಾಗೆ.

ಇವತ್ತು ಅವಳು ಸೋಪಿನ ಮಾತು ಹೇಳಲಿಲ್ಲ. ಹೇಳಬಾರದೆಂದೇನೂ ತೀರ್ಮಾನಿಸಿರಲಿಲ್ಲ, ನಾಲಿಗೆ ಏಳಲಿಲ್ಲ, ಅಷ್ಟೆ. ಕಾವಲುಗಾರ ಹುಬ್ಬು ಏರಿಸಿಕೊಂಡೇ ಕಾದ. ಹಿಂದೆ ನಿಂತವರೂ ಕಾದರು. ಅವನ ಮುಖ ಮೆಲ್ಲಗೆ ಇಳಿಯಿತು. ‘ಯಾಕಮ್ಮಾ, ಹುಷಾರಿಲ್ವಾ?’ ಎಂದ. ಆ ದನಿಯಲ್ಲಿ ನಿಜವಾದ ಮರುಕವಿತ್ತು. ಮರುಕ ಕೇಳಿದ್ದೇ ಅವಳು ಕಾರ್ಡು ತೆಗೆದುಕೊಂಡು, ತಿರುಗಿ ನೋಡದೆ ಒಳಗೆ ನಡೆದಳು.

ಪಕ್ಕದ ರೂಮಿನವಳು ಇವತ್ತು ಸಂಜೆ ಊರಿಗೆ ಹೊರಡುತ್ತಾಳೆ. ಅವಳದೂ ಇವಳದೂ ಒಂದೇ ದೇಶ, ಒಂದೇ ಭಾಷೆ, ಪಕ್ಕಪಕ್ಕದ ಊರು. ಅಜ್ಜಿಯ ಕೈಗೆ ತಲುಪಬೇಕಾದ್ದನ್ನು ಅವಳ ಹತ್ತಿರ ಕೊಡಬೇಕು. ಕೊಡಬೇಕಾದ್ದು ಒಂದು ಫೋಟೋ, ಅಷ್ಟೆ. ಅಜ್ಜಿಯ ಒಂದು ಕಣ್ಣು ಹೋಗಿ ಬಹಳ ಕಾಲವಾಯಿತು. ಇನ್ನೊಂದು, ಬಾಗಿಲ ಬೆಳಕಿನಲ್ಲಿ ದೊಡ್ಡದನ್ನೇನಾದರೂ ಮೂಗಿನ ಹತ್ತಿರ ಹಿಡಿದರೆ ಮಾತ್ರ ಕಾಣುತ್ತದೆ. ಅದೂ ಇನ್ನು ಹೆಚ್ಚು ಸಮಯ ಇರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರಂತೆ. ‘ಇರೋಷ್ಟರಲ್ಲಿ ನಿನ್ನ ಮುಖ ಒಂದು ಸಲ ಕಳಿಸು. ಅದನ್ನ ಒಳಗಿಟ್ಕೊಂಡು ಕಣ್ಣು ಮುಚ್ಚಿಬಿಡ್ತೀನಿ, ಆಮೇಲೆ ಕತ್ತಲಾದ್ರೆ ಆಗ್ಲಿ’ ಎಂದಿದ್ದಳು ಅಜ್ಜಿ. ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. ಫೋಟೋಗ್ರಫಿ ಓದಲು ಬಂದವಳು, ಸ್ಟುಡಿಯೊದಲ್ಲಿ ಕೆಲಸ ಮಾಡುವವಳು, ಅವಳಿಗೆ ಇದೆಂಥ ದೊಡ್ಡ ಕೆಲಸ?

ಮೊದಲು ಕಳಿಸಿದ್ದು ಕ್ಲಾಸಿನವರೆಲ್ಲ ಬಿಳಿ ಗೋಡೆಯ ಮುಂದೆ ನಿಂತ ಫೋಟೋ. ಚಿಕ್ಕಮ್ಮ ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ಅಜ್ಜಿಯ ಕಣ್ಣಿಗೆ ಹಿಡಿದಿದ್ದಳು. ‘ಎಲ್ಲರೂ ಇದಾರೆ, ನೀನೆಲ್ಲಿ?’ ಎಂದಿತ್ತು ಅಜ್ಜಿಯ ದನಿ. ‘ಎಡಗಡೆಯಿಂದ ಎರಡನೇದು ನಾನು, ಅಜ್ಜಿ.’ ‘ಅಲ್ಲಿ ಯಾರೂ ಇಲ್ವಲ್ಲ ಮಗಾ. ಬಟ್ಟೆ ಇದೆ.’ ನೋಡಿದರೆ ಹೌದು. ಕ್ಯಾಮೆರಾ ಗೋಡೆಯ ಬಿಳಿಯನ್ನೂ ಉಳಿದವರ ಕೆನ್ನೆಯನ್ನೂ ಜೋಪಾನ ಮಾಡಿ, ಅವಳಿದ್ದ ಜಾಗದಲ್ಲಿ ಅಂಗಿಯ ಮೇಲೆ ಒಂದು ಕತ್ತಲೆಯ ಉಂಡೆ ಇಟ್ಟು, ಅದರಲ್ಲಿ ಒಂದು ಸಾಲು ಹಲ್ಲು ಜೋಡಿಸಿತ್ತು. ಎರಡನೆಯದು ಸ್ಟುಡಿಯೊದಲ್ಲಿ ತೆಗೆದದ್ದು, ಗುರುತಿನ ಕಾರ್ಡಿನಲ್ಲಿರುವುದೇ. ಅದನ್ನು ಅಜ್ಜಿ ಕಣ್ಣಿಗೆ ತೀರಾ ಹತ್ತಿರ ಹಿಡಿಸಿಕೊಂಡು ನೋಡಿದಳು. ಆಮೇಲೆ ಮರ್ಯಾದೆಯಿಂದ, ಪರಿಚಯವಿಲ್ಲದವರ ಬಗ್ಗೆ ಕೇಳುವ ಹಾಗೆ, ‘ಲಕ್ಷಣವಾಗಿದಾಳೆ. ಯಾರ ಮಗಳು?’ ಎಂದಳು. ಮೂರನೆಯದನ್ನು ಅವಳೇ, ಕಾಲೇಜಿನ ಕ್ಯಾಮೆರಾ ತಂದು, ಕಿಟಕಿಯ ಬೆಳಕಿನಲ್ಲಿ ತೆಗೆದುಕೊಂಡಳು. ಬೆಳಕು ಸರಿಯಿತ್ತು. ಕೆನ್ನೆ ಕೆನ್ನೆಯ ಹಾಗೆ, ಹಣೆ ಹಣೆಯ ಹಾಗೆ ಬಂದಿತ್ತು. ಆದರೆ ಲೆನ್ಸಿನ ಮುಂದೆ ಕೂತ ಕೂಡಲೇ ತುಟಿ ತಾನಾಗಿಯೇ ಅಗಲವಾಗಿ, ಗೇಟಿನ ನಗು ಬಂದು ಕೂತುಬಿಟ್ಟಿತ್ತು. ಅಜ್ಜಿ ಇದನ್ನು ನೋಡಿದರೆ, ಯಾರಿಗೆ ಹೆದರಿ ನಗ್ತಿದೀಯ ಎಂದು ಕೇಳದೆ ಬಿಡುವುದಿಲ್ಲ. ಅಳಿಸಿ ಹಾಕಿದಳು. ಮತ್ತೆ ತೆಗೆದಳು, ಮತ್ತೆ ಅದೇ. ತನ್ನ ಮುಖ ತನಗೇ ಹೇಳದೆ ಬೇರೆ ಯಾರದೋ ಕೈಕೆಳಗೆ ಕೆಲಸಕ್ಕೆ ಸೇರಿಕೊಂಡಿದೆ ಎನಿಸಿ ಅವಳಿಗೆ ಮೈಯೆಲ್ಲ ಉರಿದಿತ್ತು.

ಕ್ಲಾಸಿನಲ್ಲಿ ಇವತ್ತು ಅವಳ ಕೆಲಸ ನೋಡುವ ದಿನ. ಅವಳು ಗೋಡೆಗೆ ಅಂಟಿಸಿದ್ದು ಈ ಊರಿನ ಬಾಗಿಲುಗಳ ಹಿಡಿಗಳನ್ನು: ಆಸ್ಪತ್ರೆಯದು, ಬ್ಯಾಂಕಿನದು, ಬಾಡಿಗೆಗಿದೆ ಎಂದು ಬೋರ್ಡು ಹಾಕಿ ಅವಳು ಬಂದ ಮೇಲೆ ಈಗಷ್ಟೇ ಕೊಟ್ಟುಬಿಟ್ಟೆವು ಎಂದ ಮನೆಗಳದು. ಕೈ ತಾಗಿ ತಾಗಿ ಸವೆದ ಹಿತ್ತಾಳೆ, ಎಣ್ಣೆಜಿಡ್ಡು, ಬೆರಳ ಗುರುತು. ಮೇಷ್ಟರು ಗಲ್ಲ ಕೆರೆದುಕೊಂಡು ಅವುಗಳ ಮುಂದೆ ಅತ್ತಿತ್ತ ಓಡಾಡಿದರು. ‘ಚೆನ್ನಾಗಿದೆ, ಚೆನ್ನಾಗಿದೆ. ಆದ್ರೆ ಇದರಲ್ಲಿ ನೀನೆಲ್ಲಿ?’ ಎಂದರು. ಅವಳು ಬೆಚ್ಚಿದಳು. ಅಜ್ಜಿಯದೇ ಮಾತು. ‘ನಿನ್ನ ಹತ್ರ ಎಂಥೆಂಥ ಕಥೆ ಇದೆ! ಬರ, ಹಸಿವು, ಯುದ್ಧ. ಅದನ್ನ ಬಿಟ್ಟು ನಮ್ಮ ಬಾಗಿಲ ಹಿಡಿ ಯಾಕೆ?’ ಅವಳ ಊರಿನಲ್ಲಿ ಯುದ್ಧವಾಗಿರಲಿಲ್ಲ. ಅಜ್ಜಿ ಮೇಕೆ ಸಾಕಿ, ಹೊಲಿಗೆ ಮಾಡಿ, ಸಂಜೆ ರೇಡಿಯೊ ಕೇಳಿ, ಪಕ್ಕದ ಮನೆಯವಳ ಮೇಲೆ ಚಾಡಿ ಹೇಳಿ ಮಲಗುತ್ತಿದ್ದಳು. ಅದನ್ನು ಹೇಳಬೇಕೆಂದು ಬಾಯಿ ತೆರೆದಳು. ಬಾಯಿ ತೆರೆದದ್ದೇ ತುಟಿ ಅಗಲವಾಯಿತು. ‘ಯೋಚನೆ ಮಾಡ್ತೀನಿ ಸಾರ್’ ಎಂದು ನಕ್ಕಳು. ನಕ್ಕ ಕ್ಷಣದಲ್ಲೇ ತನ್ನ ಕೆನ್ನೆಗೆ ತಾನೇ ಎರಡು ಬಿಗಿಯಬೇಕೆನಿಸಿತು.

ಸ್ಟುಡಿಯೊ ಪೇಟೆಬೀದಿಯಲ್ಲಿ, ಔಷಧದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಇರುಕಿಕೊಂಡಿದೆ. ಮುಂದೆ ಗಾಜಿನ ಹಿಂದೆ ದೊಡ್ಡ ದೊಡ್ಡ ಚೌಕಟ್ಟಿನಲ್ಲಿ ಮದುಮಕ್ಕಳು. ಬಿಸಿಲಿಗೆ ಇಳಿದ ಬಣ್ಣದಲ್ಲಿ ಎಲ್ಲರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಾರೆ. ‘ಬಂದ್ಯಾ ಆಫ್ರಿಕಾ? ಆ ಸ್ಟ್ಯಾಂಡ್ ಎತ್ಕೊಂಡು ಬಾ’ ಎಂದರು ಯಜಮಾನರು, ತಲೆಯೆತ್ತದೆ. ಅವಳ ಹೆಸರು ಅವರಿಗೆ ಮೊದಲ ದಿನವೇ ಉದ್ದವಾಯಿತು. ಅಂದಿನಿಂದ ಇಡೀ ಖಂಡವನ್ನೇ ಕರೆಯುತ್ತಾರೆ. ಇಡೀ ಖಂಡ ಸ್ಟ್ಯಾಂಡ್ ಎತ್ತಿಕೊಂಡು ಬರುತ್ತದೆ, ನೆಲ ಗುಡಿಸುತ್ತದೆ, ಗಿರಾಕಿಗಳ ಗಲ್ಲ ಹಿಡಿದು ಒಂಚೂರು ಎಡಕ್ಕೆ ತಿರುಗಿಸುತ್ತದೆ. ಒಮ್ಮೆ, ‘ಆಫ್ರಿಕಾ ಒಂದು ದೇಶ ಅಲ್ಲ ಯಜಮಾನ್ರೇ’ ಎಂದಿದ್ದಳು. ‘ಮತ್ತೇನು, ಜಿಲ್ಲೆಯಾ?’ ಎಂದು ಅವರೇ ಮೊದಲು ನಕ್ಕು, ಅವಳಿಗೆ ಚಹಾ ತರಿಸಿಕೊಟ್ಟಿದ್ದರು.

ಒಳಗಿನ ಕೋಣೆಯಲ್ಲಿ ಬಿಳಿ ಪರದೆ, ಅದರ ಎದುರು ಕ್ಯಾಮೆರಾ. ನೆಲದ ಮೇಲೆ ಕೆಂಪು ಟೇಪಿನಲ್ಲಿ ಮೂರು ಗುರುತು: ಗಿರಾಕಿಯ ಸ್ಟೂಲಿಗೆ ಒಂದು, ಎರಡು ದೀಪಗಳಿಗೆ ಒಂದೊಂದು. ಲೆನ್ಸಿನ ಸುತ್ತ ಬಳೆಯಂಥದೊಂದು ತಿರುಗುತ್ತದೆ. ಅದನ್ನು ತಿರುಗಿಸಿದ ಹಾಗೆ ಲೆನ್ಸಿನ ಕಣ್ಣು ಅರಳಿ ಹೆಚ್ಚು ಬೆಳಕು ಕುಡಿಯುತ್ತದೆ, ಇಲ್ಲವೆ ಕಿರಿದಾಗುತ್ತದೆ. ಆ ಬಳೆಗೂ ಯಜಮಾನರು ಕೆಂಪು ಟೇಪು ಸುತ್ತಿ ಅಲ್ಲಾಡದ ಹಾಗೆ ಮಾಡಿಬಿಟ್ಟಿದ್ದರು. ಈ ಊರಿನ ಮುಖಗಳಿಗೆ ಇದೇ ಸರಿಯಾದ ಅಳತೆಯೆಂದು ಹಿಂದೆ ಯಾವತ್ತೋ ಕಂಡುಕೊಂಡಿದ್ದರು. ಕಂಡುಕೊಂಡದ್ದು ಕಳೆದುಹೋಗದಿರಲಿ ಎಂದು ಅಂಟಿಸಿದ್ದರು. ಟೇಪು ಮುಟ್ಟಬಾರದು ಎನ್ನುವುದು ಆ ಅಂಗಡಿಯ ಒಂದೇ ಶಾಸನ. ಈ ಅಳತೆಗೆ ಹೊಂದದ ಮುಖ ಬಂದರೆ? ಅದಕ್ಕೆ ಅಕ್ಕ ಇದ್ದಾರೆ.

ಅಕ್ಕ ಕಂಪ್ಯೂಟರಿನ ಮುಂದೆ ಕೂತು ಮುಖ ತಿದ್ದುವವರು. ಅಂಗಡಿಯಲ್ಲಿ ಅದಕ್ಕೆ ಮುಲಾಮು ಹಚ್ಚುವುದು ಎನ್ನುತ್ತಾರೆ, ಅವರನ್ನು ಮುಲಾಮಕ್ಕ ಎನ್ನುತ್ತಾರೆ. ‘ಇದಕ್ಕೆ ಸ್ವಲ್ಪ ಮುಲಾಮು, ಅದಕ್ಕೆ ಡಬ್ಬಿ ಪೂರ್ತಿ’ ಎಂದು ಯಜಮಾನರು ಕೂಗಿ ಹೇಳುತ್ತಾರೆ. ಗಿರಾಕಿಗಳಿಗೂ ಈ ಮಾತು ಗೊತ್ತು. ಅಕ್ಕನ ಕೈ ಮೃದು. ಕೆನ್ನೆಯ ಕಪ್ಪನ್ನು ಅವರು ಹೆಬ್ಬೆರಳಿನಿಂದ ಒರೆಸಿದ ಹಾಗೆ ಒರೆಸುತ್ತಾರೆ. ಅವಳು ಕೆಲಸಕ್ಕೆ ಸೇರಿದ ವಾರ, ಕಾರ್ಡಿಗೆ ಬೇಕಾದ ಫೋಟೋವನ್ನು ಅವಳಿಗೆ ಹೇಳದೆ, ಊಟ ಬಿಟ್ಟು ಕೂತು ತಿದ್ದಿ, ಅಚ್ಚು ಹಾಕಿ, ಲಕೋಟೆಯಲ್ಲಿಟ್ಟು ಕೊಟ್ಟಿದ್ದರು. ‘ನೋಡು ಮರಿ, ಎಷ್ಟು ಕಳೆಯಾಗಿದೀಯ! ಎಷ್ಟು ಒದ್ದಾಡ್ದೆ ಗೊತ್ತಾ ನಿನ್ನ ತರೋದಕ್ಕೆ.’ ಎಡ ಹುಬ್ಬಿನ ಮೇಲಿನ ಕಲೆಯೂ ಮಾಯವಾಗಿತ್ತು. ಅವಳ ಕಣ್ಣು ತುಂಬಿತ್ತು. ಸಿಟ್ಟಿನಿಂದ ಎಂದು ಅಕ್ಕನಿಗೆ ತಿಳಿಯಲಿಲ್ಲ. ಸಂತೋಷಕ್ಕೆ ಅಳ್ತಿದಾಳೆ ಪಾಪ ಎಂದು ಅವಳ ತಲೆ ಸವರಿದ್ದರು. ಪ್ರೀತಿಯಿಂದ ಕೊಟ್ಟ ಏಟನ್ನು ವಾಪಸು ಕೊಡುವುದು ಹೇಗೆ? ಅವಳು ‘ಥ್ಯಾಂಕ್ಸ್ ಅಕ್ಕ’ ಎಂದಿದ್ದಳು. ಅದನ್ನೇ ಕಾಲೇಜಿಗೂ ಕೊಟ್ಟಿದ್ದಳು, ಅಜ್ಜಿಗೂ ಕಳಿಸಿದ್ದಳು. ಕೊಟ್ಟದ್ದು ತಾನೇ ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳುವುದು ಕಡಿಮೆ.

ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಸ್ಕೂಲಿಗೆ ಫೋಟೋ ಬೇಕು. ಹುಡುಗಿಗೆ ಏಳೋ ಎಂಟೋ ವರ್ಷ, ತಾಯಿಗಿಂತ ಮೂರು ಪಾಲು ಕಪ್ಪು, ಗಲ್ಲದ ಮೇಲೆ ಸಾಸಿವೆಯಂಥ ಒಂದು ಮಚ್ಚೆ, ಸ್ಟೂಲಿನ ಮೇಲೆ ಕೂತರೆ ನೆಲ ಮುಟ್ಟದ ಕಾಲನ್ನು ಆಡಿಸುತ್ತಲೇ ಇದ್ದಳು. ಅಕ್ಕ ಪಕ್ಕದ ಅಂಗಡಿಗೆ ತಲೆನೋವಿನ ಮಾತ್ರೆ ತರಲು ಹೋಗಿದ್ದರು. ಫೋಟೋ ತೆಗೆದು ಅವಳೇ ಕಂಪ್ಯೂಟರಿನ ಮುಂದೆ ಕೂತಳು. ತಾಯಿ ಹೆಗಲ ಮೇಲಿಂದ ಬಗ್ಗಿ, ‘ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ. ಪೂರ್ತಿ ಅವರಪ್ಪನ ಕಡೆ ಹೋಗಿಬಿಟ್ಟಿದಾಳೆ. ಹೆಣ್ಣುಮಗು ಬೇರೆ, ಏನು ಮಾಡೋದು ಹೇಳಿ’ ಎಂದಳು. ಹೇಳಿ ಮುಗಿಸಿದ ಮೇಲೆ, ತಾನು ಯಾರ ಕಿವಿಯ ಹತ್ತಿರ ಹೇಳುತ್ತಿದ್ದೇನೆ ಎಂದು ಹೊಳೆದಿರಬೇಕು. ‘ಅಯ್ಯೋ, ನಿಮಗೆ ಹೇಳಿದ್ದಲ್ಲ. ನಿಮ್ಮ ಕಡೆ ಅದು ಬೇರೆ. ನಿಮಗೆ ಒಪ್ಪತ್ತೆ.’

‘ಪರವಾಗಿಲ್ಲ’ ಎಂದಳು ಅವಳು. ನಕ್ಕಳು ಕೂಡ. ಪರವಾಗಿಲ್ಲ ಎಂದ ಬಾಯಿಗೂ ಮೌಸ್ ಹಿಡಿದ ಕೈಗೂ ಸಂಬಂಧವೇ ಇರಲಿಲ್ಲ. ಕೈ ಅಕ್ಕನಿಂದ ಕಲಿತದ್ದನ್ನು ಮಾಡುತ್ತಿತ್ತು. ಹಣೆ ಒರೆಸಿತು, ಮೂಗಿನ ಪಕ್ಕ ಒರೆಸಿತು, ಗಲ್ಲ ಒರೆಸಿತು. ಕೆಲಸವೆಂದರೆ ಕೆಲಸ, ಬಾಡಿಗೆ ಕಟ್ಟಬೇಡವೆ, ಎಷ್ಟು ಮುಖಗಳಿಗೆ ಹೀಗೆ ಹಚ್ಚಿಲ್ಲ ತಾನು. ಹುಡುಗಿ ಸ್ಟೂಲಿನಿಂದ ಇಳಿದು ಬಂದು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಬಹಳ ಹೊತ್ತು ನೋಡಿದಳು. ಮೂಗು ಹಾಗೆ ಇಟ್ಟು ನೋಡುವುದು ಅವಳಿಗೆ ಅಜ್ಜಿಯನ್ನು ನೆನಪಿಗೆ ತಂದಿತು.

‘ನನ್ನ ಮಚ್ಚೆ ಎಲ್ಲಿ?’ ಎಂದಳು ಹುಡುಗಿ.

‘ಹೋಗ್ಲಿ ಬಿಡೇ, ಚೆನ್ನಾಗಿ ಕಾಣ್ತಿದೀಯ’ ಎಂದಳು ತಾಯಿ.

‘ಇದು ನಾನಲ್ಲ. ಟೀಚರ್ ಬೈತಾರೆ.’

ಕೈ ನಿಂತಿತು. ಮಾಡಿದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದಳು. ಗಲ್ಲ ಬಂತು, ಮಚ್ಚೆ ಬಂತು, ಮೂಗಿನ ಪಕ್ಕದ ನೆರಳು ಬಂತು. ಬಂದದ್ದೂ ಅರೆಬರೆ, ಟೇಪಿನ ಅಳತೆಯೊಳಗೆ ಮುಳುಗಿದ ಮುಖ. ‘ಇನ್ನೊಂದು ಸಲ ಕೂರಮ್ಮ’ ಎಂದು ಹುಡುಗಿಗೆ ಹೇಳಿ ಎದ್ದಳು. ಕ್ಯಾಮೆರಾದ ಹತ್ತಿರ ಹೋದಳು. ಉಗುರು ಟೇಪಿನ ಅಂಚನ್ನು ಹುಡುಕಿತು. ಟೇಪು ಹಳೆಯದು, ದೀಪದ ಬಿಸಿಗೆ ಬೆಂದು ಲೋಹಕ್ಕೆ ಚರ್ಮದ ಹಾಗೆ ಕಚ್ಚಿಕೊಂಡಿತ್ತು. ಕೆರೆದಳು. ಉಗುರು ಮುರಿಯಿತು. ಮತ್ತೆ ಕೆರೆದಳು. ಚಕ್ಕೆ ಚಕ್ಕೆಯಾಗಿ ಎದ್ದು ಬಂದದ್ದನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಬಳೆ ಮೊದಲು ಅಲ್ಲಾಡಲಿಲ್ಲ, ಆಮೇಲೆ ಕಿರ್ ಎಂದು ತಿರುಗಿತು. ಬಿಳಿ ಪರದೆಯ ಮುಂದೆ ಹುಡುಗಿಯ ಅಂಗಿಗಿಂತ ಹುಡುಗಿ ಮೊದಲು ಕಂಡಳು. ಒಂದು ಫೋಟೋ ತೆಗೆದು, ಮುಲಾಮು ಹಚ್ಚದೆ ಅಚ್ಚು ಹಾಕಿ ಕೊಟ್ಟಳು. ತಾಯಿ ಅದನ್ನು ಅಷ್ಟು ದೂರ ಹಿಡಿದು ಮೂಗು ಮುರಿದಳು. ‘ಬೇರೆ ಕಡೆ ತೆಗೆಸ್ತೀನಿ ಬಿಡಿ’ ಎಂದು ಅಲ್ಲೇ ಮೇಜಿನ ಮೇಲೆ ಇಟ್ಟು ಹೊರಟಳು. ಹುಡುಗಿ ಬಾಗಿಲವರೆಗೆ ಹೋದವಳು ಓಡಿ ಬಂದು, ಅದನ್ನು ಎತ್ತಿ ಬ್ಯಾಗಿಗೆ ತುರುಕಿಕೊಂಡು ಓಡಿದಳು.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ನಿಲ್ಲಿಸಬಹುದೆಂದು ತೋಚಲೂ ಇಲ್ಲ. ಬಿಳಿ ಪರದೆಯನ್ನು ಗೋಡೆಯಿಂದ ಎಳೆದು ಕೆಳಗಿಳಿಸಿದಳು. ಹಿಂದಿನ ಗೋಡೆ ಬೂದುಬಣ್ಣದ್ದು, ಯಾವತ್ತೂ ಯಾರೂ ನೋಡದ್ದು. ದೀಪಗಳನ್ನು ಗುರುತಿನಿಂದ ಎತ್ತಿ ಪಕ್ಕಕ್ಕೆ ತಿರುಗಿಸಿ, ಆ ಪರದೆಯನ್ನು ಎರಡು ಸ್ಟ್ಯಾಂಡಿಗೆ ಕಟ್ಟಿ ದೀಪದ ಎದುರು ನಿಲ್ಲಿಸಿದಳು. ಇಷ್ಟು ದಿನ ಹಿಂದೆ ನಿಂತು ಅವಳನ್ನು ನುಂಗುತ್ತಿದ್ದ ಬಿಳಿ ಈಗ ಪಕ್ಕದಲ್ಲಿ ನಿಂತು ಸ್ಟೂಲಿನ ಮೇಲೆ ಬೆಳಕು ಚೆಲ್ಲಿತು. ಮಾತ್ರೆ ತೆಗೆದುಕೊಂಡು ಬಂದ ಅಕ್ಕ ಬಾಗಿಲಲ್ಲೇ ನಿಂತರು.

‘ಏನೇ ಇದು, ಮನೆ ಖಾಲಿ ಮಾಡ್ತಿದೀಯಾ?’

‘ಅಕ್ಕ, ಒಂದು ಫೋಟೋ ತೆಗೀಬೇಕು ನಂದು. ನೀವು ಗುಂಡಿ ಒತ್ತಿದ್ರೆ ಸಾಕು.’

‘ಟೇಪು! ಟೇಪು ಕಿತ್ತಿದೀಯಾ? ಅಯ್ಯಯ್ಯೋ, ಅವರು ನನ್ನ ಸಿಗಿದು ಹಾಕ್ತಾರೆ. ನಿನಗೇನು ಕಡಿಮೆಯಾಗಿದೆ ಮರಿ? ನೀನು ಬಂದ ವಾರಾನೇ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದೀನಿ.’

‘ನಮ್ಮಜ್ಜಿ ಅದನ್ನ ನೋಡಿ ಯಾರ ಮಗಳು ಅಂತ ಕೇಳಿದ್ರು.’

‘ಹೂಂ ಮತ್ತೆ! ಗುರುತೇ ಸಿಗದ ಹಾಗೆ ಮಾಡಿದೀನಿ’ ಎಂದರು ಅಕ್ಕ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ, ಮಾತ್ರೆಯ ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತರು. ಆಮೇಲೆ ಮುಖ ಊದಿಸಿಕೊಂಡರು. ‘ನಾನೇನು ಕೆಟ್ಟದ್ದು ಬಯಸಿ ಮಾಡಿದ್ನಾ?’

‘ಕೆಟ್ಟದ್ದು ಬಯಸಿ ಮಾಡಿದ್ದಿದ್ರೆ ಬೈದಾದ್ರೂ ಬೈಬಹುದಿತ್ತು ಅಕ್ಕ. ಅದಕ್ಕೂ ಗತಿ ಇಲ್ಲದ ಹಾಗೆ ಮಾಡಿದ್ರಿ.’ ಅವಳ ದನಿ ಏರಿತ್ತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಏರಿತ್ತು. ಹೇಗೆ ಏರುತ್ತದೆಂದು ಮರೆತೇ ಹೋಗಿತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು. ನೀರು ನೋಡಿ ಅವಳಿಗೆ ಅಯ್ಯೋ ಎನಿಸಿತು, ಅಯ್ಯೋ ಎನಿಸಿದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ‘ಅಳಬೇಡಿ. ಬಂದು ಇಲ್ಲಿ ನಿಂತ್ಕೊಳ್ಳಿ. ಸಂಜೆ ನಮ್ಮ ಪಕ್ಕದ ರೂಮಿನವಳು ಊರಿಗೆ ಹೊರಟುಬಿಡ್ತಾಳೆ. ಅಜ್ಜಿಯ ಕಣ್ಣು ಹೋಗ್ತಿದೆ ಅಕ್ಕ.’

ಅಕ್ಕ ಮೂಗು ಒರೆಸಿಕೊಂಡು ಬಂದು ಕ್ಯಾಮೆರಾದ ಹಿಂದೆ ನಿಂತರು. ಅವಳು ಸ್ಟೂಲಿನ ಮೇಲೆ ಕೂತಳು. ಕೂತದ್ದೇ ತುಟಿ ಅಗಲವಾಗತೊಡಗಿತು. ‘ಹಾಂ, ಹಾಗೇ, ನಗು ಮರಿ’ ಎಂದರು ಅಕ್ಕ ಅಭ್ಯಾಸಬಲದಿಂದ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಅದು ಇನ್ನೊಂದು ಕಡೆಯಿಂದ ಜಾರಿ ನಕ್ಕಿತು. ಯಾರನ್ನು ಒಲಿಸಿಕೊಳ್ಳಲು ಹೊರಟಿದೆ ಇದು? ಇಲ್ಲಿರುವುದು ಬರೀ ಒಂದು ಗಾಜಿನ ತುಂಡು.

ಅಷ್ಟರಲ್ಲಿ ಯಜಮಾನರು ಬಂದರು. ಹಲ್ಲಿಗೆ ಸಿಕ್ಕಿಕೊಂಡದ್ದನ್ನು ನಾಲಿಗೆಯಿಂದ ತೆಗೆಯುತ್ತಾ ಬಂದವರು ನಾಲಿಗೆ ಹಾಗೇ ಇಟ್ಟು ನಿಂತರು. ಮೊದಲು ಪರದೆ, ಆಮೇಲೆ ದೀಪ, ಆಮೇಲೆ ಲೆನ್ಸು.

‘ಯಾರು ಮುಟ್ಟಿದ್ದು ಅದನ್ನ?’

‘ನಾನು’ ಎಂದಳು ಅವಳು, ಸ್ಟೂಲಿನಿಂದ ಏಳದೆ.

‘ನನಗೆ ಕೂದಲು ಕಪ್ಪಿದ್ದಾಗ ಅಂಟಿಸಿದ್ದು ಕಣೇ ಅದು! ಈ ಊರಿನ ಅರ್ಧ ಸಂಸಾರ ಆ ಟೇಪಿನ ಮೇಲೆ ನಿಂತಿದೆ! ಕೆಲಸ ಕೊಟ್ಟೆ, ಚಹಾ ಕೊಟ್ಟೆ, ಮನೆಮಗಳ ಹಾಗೆ ನೋಡ್ಕೊಂಡೆ...’

‘ಮನೆಮಗಳ ಹೆಸರೇನು ಯಜಮಾನ್ರೇ?’

‘ಏನು?’

‘ನನ್ನ ಹೆಸರು. ಹೇಳಿ.’

 ಯಜಮಾನರು ಅಕ್ಕನ ಕಡೆ ನೋಡಿದರು. ಅಕ್ಕ ಕ್ಯಾಮೆರಾದ ಹಿಂದೆ ಇನ್ನಷ್ಟು ಬಗ್ಗಿದರು. ‘ಹೆಸರಿಗೂ ಇದಕ್ಕೂ ಏನು ಸಂಬಂಧ? ಅಷ್ಟು ಜನಕ್ಕೆ ಸರಿಹೋದ ಅಳತೆ ನಿನ್ನೊಬ್ಬಳಿಗೆ ಸರಿಹೋಗಲ್ವಾ? ಸರಿಹೋಗದಿದ್ರೆ ಮುಲಾಮು ಇದೆಯಲ್ಲ, ಹಚ್ಚಿಸ್ಕೋ!’

‘ಗಾಯ ಎಲ್ಲಿದೆ ಅಂತ ಮುಲಾಮು?’

ಅವಳು ಅದನ್ನು ಯಜಮಾನರ ಕಡೆ ತಿರುಗಿ ಹೇಳಲಿಲ್ಲ. ಲೆನ್ಸನ್ನು ನೋಡಿ ಹೇಳಿದಳು. ಅಲ್ಲಿ, ಟೇಪು ಕಿತ್ತ ಬಳೆಯೊಳಗೆ, ಗಾಜಿನ ಆಳದಲ್ಲಿ, ಒಂದು ಬಾವಿ ಅರಳಿ ನಿಂತಿತ್ತು. ಅದರ ಕಟ್ಟೆಯ ಮೇಲೆ ಕಾವಲುಗಾರ ಕೂತಿದ್ದ, ಮೇಷ್ಟರು ಕೂತಿದ್ದರು, ಬಾಡಿಗೆಗಿದೆ ಬೋರ್ಡಿನ ಮನೆಯವರು ಬಾಗಿಲ ಹಿಡಿ ಹಿಡಿದುಕೊಂಡೇ ಕೂತಿದ್ದರು, ಸೋಪಿನ ಮಾತು ಹೇಳಿ ಹಲ್ಲು ಬಿಟ್ಟ ಒಬ್ಬಳೂ ಅವರ ನಡುವೆ ಜಾಗ ಮಾಡಿಕೊಂಡು ಕೂತಿದ್ದಳು. ಅವಳ ಮೇಲೆಯೇ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂತು. ತುಟಿ ತಾನಾಗಿ ಮುಚ್ಚಿತು. ಯಜಮಾನರು ಇನ್ನೂ ಏನೋ ಕೂಗುತ್ತಿದ್ದರು. ಆ ಕೂಗಿಗೆ ಬೆಚ್ಚಿಯೋ, ಬೇಕೆಂದೋ, ಅಕ್ಕನ ಬೆರಳು ಗುಂಡಿಯನ್ನು ಒತ್ತಿತು.

‘ನಾಳೆಯಿಂದ ಬರೋದು ಬೇಡ’ ಎಂದರು ಯಜಮಾನರು, ಬೆಳಕು ಮಿಂಚಿ ಆರಿದ ಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ.

‘ಆಯ್ತು. ಇದೊಂದು ಅಚ್ಚು ಹಾಕಿ ಹೋಗ್ತೀನಿ. ದೊಡ್ಡ ಕಾಗದದ್ದು. ಈ ತಿಂಗಳ ಸಂಬಳದಲ್ಲಿ ಮುರ್ಕೊಳ್ಳಿ.’

ಅಂಗಡಿಯ ದೊಡ್ಡ ಕಾಗದವೆಂದರೆ ಗಾಜಿನ ಹಿಂದಿನ ಮದುಮಕ್ಕಳ ಅಳತೆಯದು. ಅಕ್ಕ ಕಂಪ್ಯೂಟರಿನ ಮುಂದೆ ಕೂತು ಚಿತ್ರ ತೆರೆದರು. ಬಲಗೈ ತಾನಾಗಿ ಹುಬ್ಬಿನ ಮೇಲಿನ ಕಲೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ‘ಇದನ್ನ... ಬಿಡ್ಲಾ?’

‘ಬಿಡಿ.’

‘ದವಡೆ ಎಷ್ಟು ಬಿಗಿ ಹಿಡಿದಿದೀಯಲ್ಲೇ. ಅದನ್ನೂ?’

‘ಅದನ್ನೂ.’

‘ನನಗೆ ಕೈ ತುರಿಸ್ತಿದೆ’ ಎಂದು ಅಕ್ಕ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಯಂತ್ರ ಗುಂಯ್ ಎನ್ನುತ್ತಾ ಕಾಗದವನ್ನು ಸಾಲು ಸಾಲಾಗಿ ಹೊರಗೆ ಬಿಟ್ಟಿತು: ಮೊದಲು ಕೂದಲು, ಆಮೇಲೆ ಹಣೆ, ಹಣೆಯ ಮೇಲೆ ಪಕ್ಕದಿಂದ ಬಿದ್ದ ಬೆಳಕು, ಬೆಳಕು ಇಳಿದು ನಿಂತಲ್ಲಿ ಕಂದು, ಕಂದಿನ ಕೆಳಗೆ ಕೆಂಪು, ಕೆಂಪಿನ ಪಕ್ಕ ನೇರಳೆ. ಕಪ್ಪು ಎಂದು ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸುವುದರೊಳಗೆ ಇಷ್ಟೆಲ್ಲ ಇತ್ತು. ಆಮೇಲೆ ಕಣ್ಣು. ಅಕ್ಕ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

ಪಕ್ಕದ ರೂಮಿನವಳು ಪೆಟ್ಟಿಗೆಯ ಮೇಲೆ ಕೂತು ಬೀಗ ಹಾಕಲು ಒದ್ದಾಡುತ್ತಿದ್ದಳು. ಸುರುಳಿ ಸುತ್ತಿ ರಟ್ಟಿನ ಕೊಳವೆಯೊಳಗಿಟ್ಟದ್ದನ್ನು ನೋಡಿ, ‘ಇಷ್ಟು ದೊಡ್ಡದಾ? ನಿನಗೂ ಒಂದು ಸೀಟು ತಗೊಂಡಿದ್ರೆ ಆಗ್ತಿತ್ತಲ್ಲೇ’ ಎಂದಳು ತಮ್ಮ ಭಾಷೆಯಲ್ಲಿ. ವಿಮಾನ ನಿಲ್ದಾಣದ ಬಸ್ಸು ಬಂತು. ಕೊಳವೆಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿದಳು.

ಮರುದಿನ ಗೇಟಿನಲ್ಲಿ ಕಾವಲುಗಾರ ಕಾರ್ಡು ಎತ್ತಿ ಹಿಡಿದ. ‘ಅಕ್ಕಾನೋ ತಂಗೀನೋ?’ ‘ನಮ್ಮ ಮನೇಲಿ ನಾನೊಬ್ಬಳೇ’ ಎಂದಳು. ಯಾರೂ ನಗಲಿಲ್ಲ. ಗೆದ್ದ ಹಾಗೂ ಅನಿಸಲಿಲ್ಲ. ಅಂದಿನಿಂದ ಅವನು ಅವಳ ಬ್ಯಾಗನ್ನು ಪೂರ್ತಿ ಬಿಚ್ಚಿಸಿ ನೋಡತೊಡಗಿದ, ಪುಸ್ತಕ ಒಂದೊಂದಾಗಿ ಹೊರಗಿಡಿಸಿ. ಅವಳೂ ಒಂದೊಂದಾಗಿ ಹೊರಗಿಟ್ಟು, ಒಂದೊಂದಾಗಿ ಒಳಗಿಟ್ಟುಕೊಂಡಳು. ಕೋಟಿನ ಜೇಬಿನಲ್ಲಿ ಕೆಂಪು ಟೇಪಿನ ಚಕ್ಕೆಗಳು ಇನ್ನೂ ಇದ್ದವು. ಕೈ ಹಾಕಿದಾಗಲೆಲ್ಲ ಬೆರಳಿಗೆ ಅಂಟುತ್ತಿದ್ದವು.

ಚಿಕ್ಕಮ್ಮನ ಫೋನು ಬಂದಾಗ ಅವಳು ಕೆಲಸ ಕೇಳಲು ಒಂದು ಅಂಗಡಿಯ ಹೊರಗೆ ನಿಂತಿದ್ದಳು. ‘ಬಂತು ಕಣೇ, ಈಗಷ್ಟೇ ಕೊಟ್ಟು ಹೋದ್ರು’ ಎಂದಳು ಚಿಕ್ಕಮ್ಮ. ‘ನಿನ್ನ ಅಜ್ಜಿ ಕಾಗದಾನ ಬಾಗಿಲ ಹತ್ರ ಒಯ್ದು ಮುಖಕ್ಕೆ ಹಿಡ್ಕೊಂಡಿದಾರೆ. ಓದ್ತಿದಾರೋ ಮೂಸ್ತಿದಾರೋ ದೇವರಿಗೇ ಗೊತ್ತು. ಇರು, ಫೋನು ಅಲ್ಲಿಗೇ ಒಯ್ತೀನಿ.’

ಕಾಗದದ ಸದ್ದು ಕೇಳಿಸಿತು. ಮೇಕೆಯೊಂದು ಕೂಗಿತು.  ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಯಾರೂ ಇಲ್ಲ ಎನ್ನುತ್ತಾಳೆ ಈಗ. ಬಟ್ಟೆ ಇದೆ ಎನ್ನುತ್ತಾಳೆ.

‘ಹುಬ್ಬಿನ ಮೇಲೆ’ ಎಂದಿತು ಅಜ್ಜಿಯ ದನಿ, ಯಾರಿಗೂ ಅಲ್ಲದ ಹಾಗೆ, ‘ಮೇಕೆ ಗುದ್ದಿದ್ದು.’

‘ಹೂಂ ಅಜ್ಜಿ.’

‘ಗಲ್ಲ ನಿಮ್ಮಮ್ಮಂದು. ಬಾಯಿ ನಂದು.’ ಮತ್ತೆ ಕಾಗದದ ಸದ್ದು, ಹತ್ತಿರ, ಇನ್ನೂ ಹತ್ತಿರ.  ‘ಏನೇ ಇದು? ಯಾರ ಮೇಲೇ ಇಷ್ಟು ಸಿಟ್ಟು?’

ಅಂಗಡಿಯವನು ಗಾಜಿನ ಹಿಂದಿನಿಂದ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ಅವಳು ಅವನಿಗೆ ಬೆನ್ನು ಹಾಕಿದಳು.

‘ಬಾವಿ ಮೇಲೆ, ಅಜ್ಜಿ.’

ಅಜ್ಜಿ ನಗಲಿಲ್ಲ. ಯಾವ ಬಾವಿ ಎಂದೂ ಕೇಳಲಿಲ್ಲ.

‘ಹಾಗಾದ್ರೆ ಸರಿ’ ಎಂದಳು. ‘ಬಂತು ನಿನ್ನ ಮುಖ.’